ಅಪ್ಪಾಜಿಯ ಯೆಜ್ಡಿ, ದುರ್ಗದ ದಾರಿ

ದಾವಣಗೆರೆಯ ನಮ್ಮ ಓಣಿಯಲ್ಲಿ ಅಪ್ಪಾಜಿಗೆ ರೇಸಿನ ಹುಚ್ಚಿನವರು ಅಂತಲೇ ಹೆಸರು. ಆ ಮಾತನ್ನು ನಾನು ಯಾವತ್ತೂ ಒಪ್ಪಲಿಲ್ಲ. ಮೋಟಾರ್ ಸ್ಪೋರ್ಟ್ಸ್ ಅಂದರೆ ಅವರಿಗೆ ಪ್ರಾಣ, ಅದು ನಿಜ. ವಯಸ್ಸಿನಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋಗಿ, ಶೋಲಾವರಂನ ಹಳೇ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳನ್ನು ಬಿಸಿಲಲ್ಲಿ ನಿಂತು ನೋಡಿ ಬಂದವರು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಸಾವಿರಾರು ಕಿಲೋಮೀಟರಿನ ಡಕಾರ್ ರ‍್ಯಾಲಿ ಪೂರ್ತಿ ಮುಗಿಸಿ 36ನೇ ಸ್ಥಾನ ಪಡೆದರಲ್ಲ, ಅಷ್ಟು ದೂರ ಮುಟ್ಟಿದ ಮೊದಲ ಭಾರತೀಯ ಅವರು. ಆ ಸುದ್ದಿ ಬಂದ ದಿನ ಅಪ್ಪಾಜಿ ಅಮ್ಮನಿಗೆ ಹೇಳಿ ಹೋಳಿಗೆ ಮಾಡಿಸಿದರು. ಆದರೆ ಪಿ.ಬಿ. ರಸ್ತೆಯಲ್ಲಿ ಅವರ ಗಾಡಿ ಜೋರಾಗಿ ಹೋದದ್ದನ್ನು ಯಾರೂ ನೋಡಿಲ್ಲ. ರ‍್ಯಾಲಿಯಲ್ಲಿ ವೇಗವಾಗಿ ಓಡಿಸುವ ಸ್ಟೇಜಿಗೆ ರಸ್ತೆ ಬಂದ್ ಮಾಡಿರುತ್ತಾರೆ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ರ‍್ಯಾಲಿ ಕಾರೂ ಸಿಗ್ನಲ್‌ನಲ್ಲಿ ನಿಲ್ಲಬೇಕು. ಇದನ್ನು ಅವರು ನಮಗೆ ಎಷ್ಟು ಸಲ ಹೇಳಿದರೋ.

ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೈಮ್, ಸ್ಪೀಡ್, ಡಿಸ್ಟೆನ್ಸ್, ಅಂದರೆ ಟಿಎಸ್‌ಡಿ ರ‍್ಯಾಲಿ. ಅದರಲ್ಲಿ ಮೊದಲು ಮುಟ್ಟಿದವರು ಗೆಲ್ಲುವುದಿಲ್ಲ. ಇಷ್ಟು ದೂರವನ್ನು ಇಷ್ಟು ಸರಾಸರಿ ವೇಗದಲ್ಲಿ ಹೋಗಬೇಕು ಅಂತ ಮೊದಲೇ ಕೊಟ್ಟಿರುತ್ತಾರೆ. ದಾರಿಯಲ್ಲಿ ಎಲ್ಲೋ ಮಾರ್ಷಲ್‌ಗಳು ಗಡಿಯಾರ ಹಿಡಿದು ಕೂತಿರುತ್ತಾರೆ. ಎಲ್ಲಿ ಅಂತ ಓಡಿಸುವವರಿಗೆ ಗೊತ್ತಿರುವುದಿಲ್ಲ. ತಡವಾದರೂ ದಂಡ, ಬೇಗ ಬಂದರೂ ದಂಡ. ಎಷ್ಟೋ ಕಡೆ ಬೇಗ ಬಂದವರಿಗೇ ದಂಡ ಜಾಸ್ತಿ. ಪಕ್ಕದಲ್ಲಿ ಲೆಕ್ಕ ಹಾಕುವ ನ್ಯಾವಿಗೇಟರ್ ಇರುತ್ತಾರೆ, ಅವರ ಕೈಯಲ್ಲಿ ರೋಡ್‌ಬುಕ್. ಪ್ರತಿ ತಿರುವಿಗೂ ಅದರಲ್ಲೊಂದು ಸಣ್ಣ ಚಿತ್ರ. ಚುಕ್ಕಿ ಇದ್ದ ಕಡೆಯಿಂದ ನೀವು ಬಂದಿರಿ, ಬಾಣದ ಕಡೆ ಹೋಗಬೇಕು. ಅದಕ್ಕೆ ಟ್ಯುಲಿಪ್ ಅಂತಾರೆ.

ಹರಿಹರದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಮನುಷ್ಯನಿಗೆ ಈ ಆಟ ಯಾಕೆ ಹಿಡಿಸಿತು ಅಂತ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಹಗಲೆಲ್ಲ ಕೂದಲೆಳೆ ಅಳತೆಯಲ್ಲಿ ಕಬ್ಬಿಣ ಕಡೆಯುತ್ತಿದ್ದವರು ಅವರು. ಸ್ಪರ್ಧೆಗೆ ಇಳಿಯಲು ದುಡ್ಡೂ ರಜೆಯೂ ಒಟ್ಟಿಗೆ ಸಿಗಲಿಲ್ಲ. ಮಾರ್ಷಲ್ ಆಗಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ನಮ್ಮಿಬ್ಬರನ್ನು ಗಾಡಿಯ ಮೇಲೆ ಕೂರಿಸಿಕೊಂಡು ದುರ್ಗದ, ಅಂದರೆ ಚಿತ್ರದುರ್ಗದ, ಸೀಮೆಯ ಗುಡ್ಡ, ಕೆರೆ, ಕಾಡು ಸುತ್ತಿಸುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ದೀಪಾವಳಿ ಕಳೆದ ಮೇಲೆ ನಾನೂ ತಮ್ಮನೂ ಅವರ ಯೆಜ್ಡಿ ಹತ್ತಿ ಅದೇ ಜಾಗಗಳಿಗೆ ಹೊರಟೆವು.

ಗುರುವಾರ: ದಾವಣಗೆರೆಯಿಂದ ದುರ್ಗಕ್ಕೆ

ಗಾಡಿ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಜಾವಾ ಗಾಡಿಗಳಿಂದ ಶುರುವಾದ ಕಾರ್ಖಾನೆ, 1973ರಿಂದ ಯೆಜ್ಡಿ ಅನ್ನುವ ಹೆಸರು, 1996ಕ್ಕೆ ಬಾಗಿಲು ಮುಚ್ಚಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು.

ಬೆಳಿಗ್ಗೆ ಗ್ಯಾರೇಜಿನಲ್ಲಿ ಮೇಸ್ತ್ರಿ ಚೈನ್ ಬಿಗಿ ನೋಡಿ, ಪಾಯಿಂಟ್ ಒರೆಸಿ, ಒಂದು ಸುತ್ತು ಓಡಿಸಿ ತಂದುಕೊಟ್ಟರು. ಅಪ್ಪಾಜಿಯ ಜೊತೆ ಇವರದು ನಾವು ಹುಟ್ಟುವುದಕ್ಕಿಂತ ಹಿಂದಿನ ಸ್ನೇಹ.

“ನೋಡವ್ವಾ, ಆಯಿಲ್ ಅಳತಿ ತಪ್ಪಬ್ಯಾಡ. ನಿಮ್ಮಪ್ಪಾಜಿ ಬಂಕ್‌ನಾಗೆ ಅಳತಿ ಡಬ್ಬಿ ಹಿಡ್ಕಂಡು ನಿಂತ್ರೆ ಹಿಂದಿನೋರು ಬೈಕಂತ ಬ್ಯಾರೆ ಪಂಪಿಗೆ ಹೋಗೋರು. ಆ ಮನುಷ್ಯ ಮಾತ್ರ ಅಲುಗಾಡ್ತಿರ್ಲಿಲ್ಲ,” ಅಂದರು. ದುಡ್ಡು ಮುಟ್ಟಲಿಲ್ಲ. ಬಲವಂತ ಮಾಡಿದರೆ ಕಣ್ಣು ತುಂಬಿಕೊಂಡರು. ನಾವು ಸುಮ್ಮನಾದೆವು.

ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಎಡಗಡೆ ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒದೆಯಬೇಕು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನನಗೆ ಇದನ್ನು ಅಪ್ಪಾಜಿ ಕಲಿಸಿದ್ದು ಕೊಂಡಜ್ಜಿ ರಸ್ತೆಯಲ್ಲಿ. ಹೆಣ್ಣುಮಗಳ ಕೈಗೆ ಇಂಥ ಗಾಡಿ ಕೊಡ್ತೀರಾ ಅಂತ ಓಣಿಯವರು ಕೇಳಿದಾಗ, ಅವಳು ತಮ್ಮನಿಗಿಂತ ಚೆನ್ನಾಗಿ ರಸ್ತೆ ನೋಡ್ತಾಳೆ ಅಂದಿದ್ದರು. ನನ್ನ ಬಗ್ಗೆ ಅವರು ಬೇರೆಯವರ ಮುಂದೆ ಆಡಿದ ಮಾತುಗಳಲ್ಲಿ ನನಗೆ ಅತಿ ದೊಡ್ಡದು ಅದು. ಈಗಲೂ ಹ್ಯಾಂಡಲ್ ನನ್ನದು, ಲೆಕ್ಕ ತಮ್ಮನದು. ಹಿಂದೆ ಕೂತು ಅವನು ಸ್ಟಾಪ್‌ವಾಚ್ ಒತ್ತಿದ.

ಸರಾಸರಿ 36 ಅಂತ ಇಟ್ಟುಕೊಂಡೆವು. ಅಪ್ಪಾಜಿ ನಮಗೆ ಮೊದಲು ಕಲಿಸಿದ ಲೆಕ್ಕ ಇದೇ. ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್, ಒಂದು ಕಿಲೋಮೀಟರಿಗೆ 100 ಸೆಕೆಂಡ್. ಮೂರನೇ ಕ್ಲಾಸಿನ ಹುಡುಗನೂ ಬಾಯಲ್ಲೇ ಹಾಕಬಹುದು. ದುರ್ಗಕ್ಕೆ ಹತ್ತಿರ ಹತ್ತಿರ 60 ಕಿಲೋಮೀಟರ್. ಅಂದರೆ 100 ನಿಮಿಷ. ಕಾರುಗಳು ಇದರ ಅರ್ಧ ಹೊತ್ತಿನಲ್ಲಿ ಹೋಗಿಬಿಡುತ್ತವೆ. ನಾವು ಹೆದ್ದಾರಿ ಬಿಟ್ಟು ಆದಷ್ಟು ಸರ್ವಿಸ್ ರೋಡು ಹಿಡಿದೆವು.

ಈ ತಿಂಗಳಲ್ಲಿ ದಾವಣಗೆರೆಯ ಸುತ್ತ ರಸ್ತೆಯ ಅರ್ಧ ಮೆಕ್ಕೆಜೋಳದ್ದು. ಆನಗೋಡಿನವರೆಗೂ ಸರ್ವಿಸ್ ರೋಡಿನಲ್ಲಿ ಹಳದಿ ಕಾಳು ಒಣಗಲು ಹರಡಿದ್ದರು. ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಚಕ್ರ ಹತ್ತಿದರೆ ಜಾರುವುದು ಗ್ಯಾರಂಟಿ. ಅಲ್ಲಿ ಮುಂದಿನ ಬ್ರೇಕು ಹಿಡಿಯಬಾರದು, ಗೇರು ಇಳಿಸಿ, ಹ್ಯಾಂಡಲ್ ಸಡಿಲ ಬಿಟ್ಟು, ನೆಟ್ಟಗೆ ದಾಟಬೇಕು. ಡಾಂಬರು, ಜಲ್ಲಿ, ಎರೆ ಮಣ್ಣು, ಕೆಮ್ಮಣ್ಣು, ಒದ್ದೆ ಸೆಗಣಿ, ಕಾಳು, ಹುಲ್ಲು. ಪ್ರತಿಯೊಂದಕ್ಕೂ ಗಾಡಿ ಬೇರೆ ಮಾತು ಕೇಳುತ್ತದೆ ಅನ್ನುತ್ತಿದ್ದರು ಅಪ್ಪಾಜಿ. ನನ್ನ ಲೆಕ್ಕದಲ್ಲಿ ಅವರ ಮೋಟಾರ್ ಸ್ಪೋರ್ಟ್ಸೂ ಕಾಡು ಸುತ್ತುವ ಚಟವೂ ಬೇರೆ ಬೇರೆ ಆಗಿರಲೇ ಇಲ್ಲ. ಎರಡರಲ್ಲೂ ಅವರು ನೋಡುತ್ತಿದ್ದದ್ದು ನೆಲವನ್ನೇ.

ಭರಮಸಾಗರದಲ್ಲಿ ಟೀ. ಭರಮಣ್ಣ ನಾಯಕರ ಕಾಲದ ದೊಡ್ಡ ಕೆರೆ, ಏರಿ ಮೇಲೆ ಸ್ವಲ್ಪ ಹೊತ್ತು ನಿಂತೆವು. ಅಲ್ಲಿಂದ ದುರ್ಗದವರೆಗೆ ಹೇಳುವಂಥದ್ದೇನೂ ಇಲ್ಲ. ಲಾರಿ, ಲಾರಿ, ಲಾರಿ.

ಶುಕ್ರವಾರ: ಜೋಗಿಮಟ್ಟಿ

ದುರ್ಗಕ್ಕೆ ಬಂದವರೆಲ್ಲ ಕೋಟೆಗೆ ಹೋಗುತ್ತಾರೆ. ಹೋಗಲೇಬೇಕು. ನಾವು ಮಾತ್ರ ಚಿಕ್ಕವರಿದ್ದಾಗಿಂದ ಮೊದಲು ಜೋಗಿಮಟ್ಟಿ ಹತ್ತಿ, ಅಲ್ಲಿಂದ ಕೋಟೆಯನ್ನು ನೋಡಿ, ಆಮೇಲೆ ಕೋಟೆಗೆ ಹೋಗುವ ಮನೆಯವರು. ಎಲ್ಲಿ ನಿಂತಿದ್ದೀವಿ ಅಂತ ಗೊತ್ತಾಗಬೇಕಾದರೆ ಮೊದಲು ಎತ್ತರಕ್ಕೆ ಹೋಗಬೇಕು, ಇದು ಅಪ್ಪಾಜಿಯ ಕ್ರಮ.

ಊರಿನಿಂದ ಹತ್ತು ಕಿಲೋಮೀಟರಿನಷ್ಟು. ಆಡುಮಲ್ಲೇಶ್ವರದ ಕಿರು ಮೃಗಾಲಯ ಇರುವುದು ಇದೇ ಕಾಡಿನ ಅಂಚಿನಲ್ಲಿ. 2015ರಲ್ಲಿ ಜೋಗಿಮಟ್ಟಿಯನ್ನು ವನ್ಯಧಾಮ ಅಂತ ಘೋಷಿಸಿದರು. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ಚೀಲದಲ್ಲಿ ಪ್ಲಾಸ್ಟಿಕ್ ಇಲ್ಲ ಅಂತ ತೋರಿಸಿ ಒಳಗೆ ಹೋದೆವು. ಮಳೆಗಾಲ ಮುಗಿದಿದೆ, ಹುಲ್ಲು ಇನ್ನೂ ಹಸಿರು. ತಿರುವುಗಳಲ್ಲಿ ಸೀತಾಫಲದ ಗಿಡಗಳು. ಹಣ್ಣೆಲ್ಲ ಮುಗಿದು ಕೊಂಬೆಗೆ ಒಂದೆರಡು ಕರಿ ಕಾಯಿ ಉಳಿದಿದ್ದವು.

ಅರ್ಧ ದಾರಿಯಲ್ಲಿ ಎಂಜಿನ್ ಎಡವತೊಡಗಿತು. ಇಬ್ಬರ ಭಾರ, ಏರು, ಎರಡನೇ ಗೇರು, ನಿಧಾನ. ಟೂ ಸ್ಟ್ರೋಕ್ ಗಾಡಿಯ ಪ್ಲಗ್ಗಿನ ತುದಿಗೆ ಹೀಗೆ ಕಾರ್ಬನ್ ಕಟ್ಟುತ್ತದೆ. ನಿಲ್ಲಿಸಿ ಪ್ಲಗ್ ಬಿಚ್ಚಿದೆವು. ಅಪ್ಪಾಜಿಯ ಟೂಲ್ ಚೀಲದಲ್ಲಿ ಸ್ಪ್ಯಾನರ್, ಎಮರಿ ಪೇಪರ್, ಹಳೇ ಬನಿಯನ್ ಬಟ್ಟೆ, ಪೇಪರಿನಲ್ಲಿ ಸುತ್ತಿದ ಹೊಸ ಪ್ಲಗ್ ಎಲ್ಲ ಇದ್ದವು. ಆ ಪೇಪರಿನ ಮೇಲೆ ಅವರ ಅಕ್ಷರ: ಹಾಕಿದ ಮೇಲೆ ಇನ್ನೊಂದು ತಂದಿಡುವುದು. ತಮ್ಮ ಅದನ್ನು ಓದಿ ಸ್ವಲ್ಪ ಹೊತ್ತು ಆಚೆ ಹೋಗಿ ನಿಂತ. ನಾನು ಹಳೇ ಪ್ಲಗ್ಗನ್ನೇ ಉಜ್ಜಿ ಹಾಕಿದೆ. ಹೊಸದನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ. ಗಾಡಿ ಒಂದೇ ಒದೆತಕ್ಕೆ ಶುರುವಾಯಿತು.

ಮೇಲೆ ಹಳೇ ಬಂಗಲೆಯ ಹತ್ತಿರ ಗಾಳಿಗೆ ಹೆಲ್ಮೆಟ್ ಹಾರಿಹೋಗುವಷ್ಟು ರಭಸ. ಸುತ್ತ ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರಗಳು. ಕೆಳಗೆ ದುರ್ಗ, ಅದರಾಚೆ ಬಂಡೆಗಳ ನಡುವೆ ಕೋಟೆಯ ಗೋಡೆ. ಅಪ್ಪಾಜಿ ಇಲ್ಲಿ ಸರ್ವೆ ಆಫ್ ಇಂಡಿಯಾದ ನಕ್ಷೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡುತ್ತಿದ್ದರು. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಮಟ್ಟಸ. ಆ ಕೆರೆ ಇಲ್ಲಿಂದ ಎಷ್ಟು ದೂರ, ಹೇಳ್ರಿ ನೋಡೋಣ ಅನ್ನುತ್ತಿದ್ದರು. ನಾವು ಅಂದಾಜಿಗೆ ಹೇಳಬೇಕು. ಆಮೇಲೆ ದಾರ ಇಟ್ಟು ನಕ್ಷೆಯಲ್ಲಿ ಅಳೆಯುವುದು. ಸರಿಯಾದವರಿಗೆ ಬಹುಮಾನ ಏನೂ ಇಲ್ಲ, ಇನ್ನೊಂದು ಪ್ರಶ್ನೆ! ಈ ಸಲವೂ ಆ ಆಟ ಆಡಿದೆವು. ಫೋನಿನ ನಕ್ಷೆಯಲ್ಲಿ ಅಳೆದು ನೋಡಿದರೆ ತಮ್ಮನ ಅಂದಾಜು ನನ್ನದಕ್ಕಿಂತ ಹತ್ತಿರ ಬಂತು.

ಬರುವಾಗ ರಸ್ತೆ ಬದಿಯಲ್ಲಿ ಅಗೆದ ಹುತ್ತ ಕಂಡಿತು. ಕರಡಿಯ ಕೆಲಸ. ಗೆದ್ದಲು ತಿನ್ನಲು ಅಗೆಯುತ್ತದೆ. ಮಣ್ಣು ಒದ್ದೆಯಿದ್ದರೆ ಹೊಸದು, ಒಣಗಿ ತಿಳಿ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಇದು ಹಳೆಯದು. ಆದರೂ ಹಾರ್ನ್ ಒತ್ತುತ್ತಾ ಇಳಿದೆವು.

ಇಳಿಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಗಾಡಿಗಳಲ್ಲಿ ಎಂಜಿನ್ನಿಗೆ ಬೇರೆಯೇ ಎಣ್ಣೆ ಇರುತ್ತದೆ. ಇದರಲ್ಲಿ ಪಿಸ್ಟನ್ನಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ಉದ್ದನೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲಿ ಬಿಟ್ಟರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹೋಗುವುದಿಲ್ಲ. ಎಣ್ಣೆಯೂ ಹೋಗುವುದಿಲ್ಲ. ಒಣಗಿದ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಹಿಂದಿನ ಚಕ್ರ ನಿಂತುಬಿಡುತ್ತದೆ, ತಿರುವಿನಲ್ಲಿ ಆದರೆ ಜೀವಕ್ಕೇ ಅಪಾಯ. ಅದಕ್ಕೇ ಆಗಾಗ ಕ್ಲಚ್ ಹಿಡಿದು ಒಂದಿಷ್ಟು ರೇಸ್ ಕೊಡಬೇಕು. ಚಿಕ್ಕವಳಿದ್ದಾಗ ಜೋಗಿಮಟ್ಟಿ ಇಳಿಯುವಾಗ ಅಪ್ಪಾಜಿಯ ಬೆನ್ನಿಗೆ ಕಿವಿ ಕೊಟ್ಟು ಆ ಸದ್ದಿಗೆ ಕಾಯುತ್ತಿದ್ದೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ. ನಮ್ಮನ್ನು ಕಾಪಾಡುತ್ತಿದ್ದ ಸದ್ದು ಅದು.

ಮಧ್ಯಾಹ್ನ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಇಲ್ಲಿಯದು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಇಲ್ಲಿ ರೋಮಿನ ನಾಣ್ಯಗಳೂ ಸಿಕ್ಕಿವೆ. ಸಂಜೆ ಕೋಟೆ. ಒನಕೆ ಓಬವ್ವನ ಕಿಂಡಿಯ ಹತ್ತಿರ ಶಾಲೆ ಮಕ್ಕಳ ಗದ್ದಲ. ಗೋಪಾಲಸ್ವಾಮಿ ಹೊಂಡದವರೆಗೆ ಹೋಗಿ ಬಂದೆವು. ಬರಿಗೈಯಲ್ಲಿ ಈ ಗೋಡೆಗಳನ್ನು ಹತ್ತುವ ಕೋತಿರಾಜ ಅವರನ್ನು ಕಂಡರೆ ಅಪ್ಪಾಜಿಗೆ ಬಹಳ ಅಭಿಮಾನವಿತ್ತು. ಅವರು ಹತ್ತುವಾಗ ಕೈ ನೋಡಬೇಡ, ಕಾಲು ಎಲ್ಲಿಡ್ತಾರೆ ನೋಡು ಅನ್ನುತ್ತಿದ್ದರು.

ಶನಿವಾರ: ಮರಡಿಹಳ್ಳಿ, ಮಾರಿಕಣಿವೆ

ಹಿರಿಯೂರಿನ ದಾರಿಯಲ್ಲಿ, ಐಮಂಗಲದ ಸೀಮೆಯಲ್ಲಿ ಮರಡಿಹಳ್ಳಿ. ಹೆದ್ದಾರಿಯಲ್ಲಿ ದಿನಕ್ಕೆ ಸಾವಿರಾರು ಗಾಡಿಗಳು ಓಡುತ್ತವೆ, ಒಳಗೆ ತಿರುಗುವವರು ತೀರಾ ಕಮ್ಮಿ. ಇಲ್ಲಿರುವುದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾ. ನೀರು ತಾಗಿದ ಕೂಡಲೇ ಹೊರಗಿನ ಪದರ ಗಟ್ಟಿಯಾಗಿ, ಒಳಗಿನದು ಉಬ್ಬಿ, ಒಂದರ ಮೇಲೊಂದು ದಿಂಬು ಒಟ್ಟಿದ ಹಾಗೆ ಕಲ್ಲಾಗಿದೆ. ದುರ್ಗದ ಬಿಸಿಲಿನಲ್ಲಿ ನಿಂತು ಇದು ಒಂದು ಕಾಲಕ್ಕೆ ಸಮುದ್ರದ ತಳ ಅಂದರೆ ನಂಬುವುದು ಕಷ್ಟ, ಅಲ್ವಾ?

ಅಪ್ಪಾಜಿ ಓದಿದ್ದು ಐಟಿಐ. ಆದರೆ ಈ ಕಲ್ಲಿನ ಬಗ್ಗೆ ಯಾರ ಹತ್ತಿರವೋ ಕೇಳಿ ಕೇಳಿ ಕಲಿತಿದ್ದರು. ಪ್ರತಿ ದಿಂಬಿನ ಮೇಲ್ಭಾಗ ದುಂಡಗೆ ಇರುತ್ತದೆ. ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಹಾಗಾಗಿ ಭೂಮಿ ಎಷ್ಟೇ ಮಗುಚಿದರೂ, ಹುಟ್ಟುವಾಗ ಯಾವುದು ಮೇಲಿತ್ತು ಅಂತ ಕಲ್ಲು ನೋಡಿ ಹೇಳಬಹುದು. ಅವರು ನನ್ನ ಬೆರಳು ಹಿಡಿದು ಆ ಚೂಪನ್ನು ಮುಟ್ಟಿಸಿದ್ದರು. ತಮ್ಮ ಅದೇ ಜಾಗ ಹುಡುಕಿದ. ಅದೇ ಇರಬೇಕು ಅಂದುಕೊಂಡು ಇಬ್ಬರೂ ಮುಟ್ಟಿದೆವು. ಒಂದು ಚೂರನ್ನೂ ತರಲಿಲ್ಲ. ಅಲ್ಲಿಯ ಕಲ್ಲು ಅಲ್ಲೇ ಇರಬೇಕು, ಅದರಲ್ಲಿ ಅಪ್ಪಾಜಿ ಬಹಳ ಕಟ್ಟುನಿಟ್ಟು.

ಹಿರಿಯೂರಿನಲ್ಲಿ ಊಟ ಮಾಡಿ ವಾಣಿವಿಲಾಸ ಸಾಗರಕ್ಕೆ ಹೊರಟೆವು. ನಮ್ಮ ಕಡೆಯವರಿಗೆ ಅದು ಇವತ್ತಿಗೂ ಮಾರಿಕಣಿವೆಯೇ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ಅಣೆ. 1897ರಲ್ಲಿ ಶುರುಮಾಡಿ 1907ಕ್ಕೆ ಮುಗಿಸಿದರು. ಮೈಸೂರಿನ ರಾಜಮಾತೆ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಇಟ್ಟರು. ಕಲ್ಲು ಗಾರೆಯ ಕೆಲಸ. ಹೊಸ ಅಣೆಕಟ್ಟುಗಳ ಮುಂದೆ ಇದು ಎಷ್ಟು ಚೆಂದ ಅಂತ ನೋಡಿದವರಿಗೇ ಗೊತ್ತು. ಪೂರ್ತಿ ತುಂಬಿದರೆ 130 ಅಡಿ.

ಅದು ತುಂಬುವುದೇ ಅಪರೂಪ. 1933ರಲ್ಲಿ ಕೋಡಿ ಬಿದ್ದಿತ್ತು. ಅಪ್ಪಾಜಿಯ ತಾತ ಆ ನೀರು ನೋಡಿದವರು. ಕೋಡಿ ಬಿದ್ದಾಗ ಗಾಡಿ ಕಟ್ಟಿಕೊಂಡು ಹೋದದ್ದನ್ನು ಮೊಮ್ಮಗನಿಗೆ ಹೇಳುತ್ತಿದ್ದರಂತೆ. ಮೊಮ್ಮಗ ಮುದುಕನಾಗುವವರೆಗೂ ಆ ನೀರು ಮತ್ತೆ ಬರಲಿಲ್ಲ. ವರ್ಷ ವರ್ಷ ಬಂದು ತಳದಲ್ಲಿ ನಿಂತ ನೀರು ನೋಡಿ ವಾಪಸ್ ಹೋಗುತ್ತಿದ್ದರು. 2022ರ ಸೆಪ್ಟೆಂಬರ್ 2ರಂದು, 89 ವರ್ಷದ ಮೇಲೆ, ಮತ್ತೆ ಕೋಡಿ ಬಿತ್ತು. ಸುದ್ದಿ ಬಂದ ಕೂಡಲೇ ಅಪ್ಪಾಜಿ ರೇನ್‌ಕೋಟ್ ಹಾಕಿಕೊಂಡು ಯೆಜ್ಡಿ ತೆಗೆದರು. ಮೊಣಕಾಲು ನೋವು, ಡಾಕ್ಟರು ಗಾಡಿ ಬೇಡ ಅಂದಿದ್ದರು. ಅಮ್ಮ ತಡೆದರೆ, “ನಮ್ಮ ತಾತ ನೋಡಿದ ನೀರು ಕಣೇ,” ಅಂದರಂತೆ. ಅಮ್ಮನೂ ಮುಂದೆ ಮಾತಾಡಲಿಲ್ಲ. ನಾನು ಬೆಂಗಳೂರಿನಿಂದ ಬಸ್ಸು ಹಿಡಿದು ಹಿರಿಯೂರಿಗೆ ಬಂದೆ. ಜನವೋ ಜನ. ಕಣಿವೆ ಮಾರಮ್ಮನ ಗುಡಿಯ ಹತ್ತಿರ ಕಾಲಿಡಲು ಜಾಗ ಇಲ್ಲ. ಹೆಂಗಸರು ಬಾಗಿನ ತಂದಿದ್ದರು. ನೀರಿನ ಹನಿ ಮುಖಕ್ಕೆ ಸಿಡಿಯುವಷ್ಟು ಹತ್ತಿರ ಹೋಗಿ ಅಪ್ಪಾಜಿ ಕೈ ಮುಗಿದು ನಿಂತರು. ಅವರು ಗೊಳೋ ಅಂತ ಅತ್ತದ್ದನ್ನು ನಾನು ನೋಡಿದ್ದು ಅವತ್ತು ಒಂದೇ ಸಲ.

ಈ ಸಲ ಅಣೆಯ ಮೇಲಿನ ಮಂಟಪದ ಹತ್ತಿರ ಅದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಆಗ ಪರೀಕ್ಷೆ ಅಂತ ಬಂದಿರಲಿಲ್ಲ. ಸಣ್ಣ ಸಣ್ಣ ವಿವರ ಕೇಳಿದ. ಯಾವ ಅಂಗಿ ಹಾಕಿದ್ದರು, ಗಾಡಿ ಎಲ್ಲಿ ನಿಲ್ಲಿಸಿದ್ದರು, ಊಟ ಏನು ಮಾಡಿದರು. ನೆನಪಿದ್ದಷ್ಟನ್ನೂ ಹೇಳಿದೆ. ಇಬ್ಬರೂ ಅತ್ತೆವು. ಆಮೇಲೆ ಹಸಿವಾಯಿತು, ಮೆಣಸಿನಕಾಯಿ ಬಜ್ಜಿ ತಿಂದೆವು.

ಹಿನ್ನೀರಿನ ಕಡೆ ಬಳಸಿ ಹೊಸದುರ್ಗ ಮುಟ್ಟುವಾಗ ಕತ್ತಲು. ಚಿಕ್ಕಮ್ಮನ ಮನೆಯಲ್ಲಿ ರಾಗಿ ಮುದ್ದೆ, ಹುರುಳಿಕಾಳು ಸಾರು. “ನಿಮ್ಮಪ್ಪ ಈ ಗಾಡಿ ತಂದ್ರೆ ಬೀದಿ ಹುಡುಗ್ರೆಲ್ಲಾ ನಮ್ಮನೆ ಮುಂದೇ ಇರೋವು ಕಣವ್ವಾ,” ಅಂತ ಚಿಕ್ಕಮ್ಮ ಸೀಟು ಸವರಿದರು.

ಭಾನುವಾರ: ಸೂಳೆಕೆರೆ ಮೇಲಿಂದ ಮನೆಗೆ

ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈ ಮುಗಿದು ಚನ್ನಗಿರಿ ಕಡೆ ತಿರುಗಿದೆವು. ಕೆಲವು ಕಡೆ ರಾಗಿ ತೆನೆ ರಸ್ತೆಗೇ ಹಾಸಿದ್ದರು. ಚನ್ನಗಿರಿ ಹತ್ತಿರವಾದ ಮೇಲೆ ಅಡಿಕೆ ತೋಟ, ಅಡಿಕೆ ಬೇಯಿಸುವ ಒಗರು ವಾಸನೆ.

ಸೂಳೆಕೆರೆಯನ್ನು ಕಾಗದದಲ್ಲಿ ಶಾಂತಿಸಾಗರ ಅಂತ ಬರೆಯುತ್ತಾರೆ. ಶಾಂತವ್ವ ಕಟ್ಟಿಸಿದಳು ಅನ್ನುವ ಕಥೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಸಿದ್ಧನ ತೂಬು, ಬಸವನ ತೂಬು ಎರಡನ್ನೂ ನೋಡಿದೆವು. ದುರ್ಗದ ಊರಿಗೆ ಕುಡಿಯುವ ನೀರೂ ಇಲ್ಲಿಂದ ಹೋಗುತ್ತದೆ. ಕೆರೆಯಿಂದ ಹೊರಟ ಹಳ್ಳ ಹರಿದ್ರಾ ಅನ್ನುವ ಹೆಸರಿನಲ್ಲಿ ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತದೆ. ನಕ್ಷೆಯ ಮೇಲೆ ಬೆರಳಿಟ್ಟು ಅಪ್ಪಾಜಿ ಇದನ್ನು ತೋರಿಸುತ್ತಿದ್ದರು. ಈ ನೀರು ನಾನು ಕೆಲಸ ಮಾಡೋ ಊರಿಗೆ ಬರ್ತದೆ ಅಂತ ಹೇಳುವಾಗ ಅವರ ಮುಖದಲ್ಲಿ ಎಂಥ ಸಂತೋಷ.

ಏರಿಯಿಂದ ಮನೆಯ ಗೇಟಿನವರೆಗೆ ಟಿಎಸ್‌ಡಿ ಲೆಕ್ಕದಲ್ಲೇ ಹೋಗೋಣ ಅಂದ ತಮ್ಮ. ಅಮ್ಮನಿಗೆ ಫೋನ್ ಮಾಡಿ ಗಡಿಯಾರ ಹಿಡಿದು ನಿಲ್ಲಲು ಹೇಳಿದ. ಸಂತೆಬೆನ್ನೂರಿನ ಹತ್ತಿರ ಕುರಿ ಮಂದೆ ಅಡ್ಡ ಬಂತು. ಅವೆಲ್ಲ ದಾಟುವವರೆಗೆ ಕಾದೆವು. ಆಮೇಲೆ ತಮ್ಮ ಹೆಗಲು ತಟ್ಟಿ “ಅಕ್ಕ, ಎರಡು ನಿಮಿಷ ತಡ ಇದ್ದೀವಿ, ಪರವಾಗಿಲ್ಲ, 40ರಲ್ಲೇ ಹೋಗು, ತಾನಾಗೇ ಸರಿಹೋಗುತ್ತೆ” ಅಂದ. ಅಪ್ಪಾಜಿಯ ಧಾಟಿ. ಗೇಟಿನಲ್ಲಿ ಅಮ್ಮ ಹಾಲಿನ ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದರು. 18 ಸೆಕೆಂಡ್ ತಡ ಅಂತ ಬರೆದುಕೊಂಡರು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎಲ್ಲ ಊರುಗಳ ಸುದ್ದಿ ಕೇಳಿದರು. ಮಾರಿಕಣಿವೆ ಬಂದಾಗ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು. ಕೊನೆಗೆ, “ಅವತ್ತು ನಾನೂ ಹೋಗಬೇಕಿತ್ತು. ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ರಿ,” ಅಂದರು. ಸಂಕ್ರಾಂತಿ ಆದ ಮೇಲೆ ಹೋಗುತ್ತಿದ್ದೇವೆ. ಅಮ್ಮ ಮತ್ತು ಮೇಸ್ತ್ರಿ ಕಾರಿನಲ್ಲಿ, ನಾವಿಬ್ಬರು ಯೆಜ್ಡಿಯಲ್ಲಿ. ಮೇಸ್ತ್ರಿ ಆಗಲೇ ಹೊಸ ಪ್ಲಗ್ ತಂದು ಚೀಲಕ್ಕೆ ಹಾಕಿದ್ದಾರೆ.